ಅಂಗಸಾಧನೆಯ ಗುರುವೂ ಅವನ ಜೀವನೋಪಾಯವೂ

ತಲಕಾಡೆಂದೊಡನೆ ವಾಚಕರಿಗೆ ನೆನಪಾಗುವುದು ಮರಳು. ಮರಳಿನಲ್ಲಿ ಹುದುಗಿದ ಗುಡಿಗಳು. ಪಂಚಲಿಂಗ ದರ್ಶನದ ಜನಸಂದಣಿ. ಮರಳಿಗೂ ಮೈಕಟ್ಟಿಗೂ ಇರುವ ಹಳೆಯ ನಂಟು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಚೋಳರನ್ನು ಸೋಲಿಸಿ ಈ ಊರನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿಯೇ, ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನ ವಿನೋದಗಳನ್ನು ಹೇಳುವಲ್ಲಿ ಮಲ್ಲವಿನೋದವೂ ಬರುತ್ತದೆ. ಮಲ್ಲರ ಸಾಧನೆಗಳಲ್ಲಿ ಒಂದು ಭಾರಶ್ರಮ, ಎಂದರೆ ಮರಳು ತುಂಬಿದ ಚೀಲವನ್ನು ಎತ್ತುವುದು. ನಡಿಗೆ, ಈಜು, ಕಂಬದ ಮೇಲಿನ ಸಾಧನೆ ಇವೂ ಉಂಟು. ಮಲ್ಲನಿಗೆ ಏನನ್ನು ಉಣಿಸಬೇಕೆಂಬುದನ್ನೂ ಗ್ರಂಥಕಾರನು ಮರೆತಿಲ್ಲ. ಒಂಬತ್ತು ನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿ ಮೈ ಬೆಳೆಸುವುದು ಕ್ರಮವುಳ್ಳ ವಿದ್ಯೆಯಾಗಿತ್ತು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಹತ್ತನೆಯ ತರಗತಿ ಮುಗಿಸುವ ಹುಡುಗರಲ್ಲಿ ವರ್ಷಕ್ಕೊಬ್ಬಿಬ್ಬರಾದರೂ, “ಮೇಷ್ಟ್ರೇ, ಜಿಮ್ ಟ್ರೈನರ್ ಆಗಬೇಕಾದರೆ ಏನು ಓದಬೇಕು?” ಎಂದು ಕೇಳುತ್ತಾರೆ. ಅವರ ತಂದೆತಾಯಿಗಳು ಕೇಳುವ ಪ್ರಶ್ನೆ ಬೇರೆ: “ಅದರಲ್ಲಿ ಹೊಟ್ಟೆ ತುಂಬುತ್ತದೆಯೇ ಸ್ವಾಮಿ?” ಎರಡೂ ನ್ಯಾಯವಾದ ಪ್ರಶ್ನೆಗಳೇ. ಕನ್ನಡ ಪಂಡಿತನಿಗೇಕೆ ಈ ಅಧಿಕಪ್ರಸಂಗವೆಂದು ವಾಚಕರು ನಗಬಹುದು. ಉತ್ತರದಲ್ಲಿ ಕನ್ನಡದ ಕಾದಂಬರಿಕಾರರೊಬ್ಬರೂ ಬರುತ್ತಾರೆಂಬುದೇ ನನ್ನ ಸಮಾಧಾನ.

ಮೊದಲು ಗರಡಿಯನ್ನು ನೋಡೋಣ. ಮೈಸೂರಿನ ಗರಡಿಮನೆಗಳಲ್ಲಿ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಮೊದಲಾದುವನ್ನು ಬೆರೆಸಿ ಮಟ್ಟಿ ಕಟ್ಟುತ್ತಾರೆ. ದಂಡೆ, ಬಸ್ಕಿ, ಗದೆ, ಗುಂಡುಕಲ್ಲು ಇವೇ ಅಲ್ಲಿನ ಸಲಕರಣೆಗಳು. ಇದೆಲ್ಲವನ್ನೂ ಒಟ್ಟಾಗಿ ‘ಸಾಮು’ ಎನ್ನುತ್ತಾರೆ. ದಸರೆಯ ಕುಸ್ತಿಗೆ ಜೋಡಿ ಕಟ್ಟುವ ಹೊತ್ತಿಗೆ ಉಸ್ತಾದರ ಒಂದು ವರ್ಷದ ದುಡಿಮೆ ಬಯಲಾಗುತ್ತದೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವಂತೂ ಮನೆತನಗಳಲ್ಲಿ ಇಳಿದುಬಂದ ವಿದ್ಯೆ.

ಆದರೆ ಉಸ್ತಾದರ ಅನ್ನ ಎಲ್ಲಿಂದ ಬರುತ್ತಿತ್ತು? ಕೆಲವರಿಗೆ ಅರಮನೆಯ ಆಶ್ರಯವಿತ್ತು. ಉಳಿದವರು ಹಗಲು ಬೇರೆ ಕಸುಬು ಮಾಡಿ ಮುಂಜಾನೆ, ಸಂಜೆ ಕಲಿಸಿದರು. ಶಿಷ್ಯನಿಂದ ಹಣ ಪಡೆಯುವುದು ಗರಡಿಯ ಮರ್ಯಾದೆಗೆ ಕುಂದೆಂದು ಭಾವಿಸಿದವರೂ ಇದ್ದರು. ಭಾವನೆ ದೊಡ್ಡದು, ಒಪ್ಪಿದೆ. ಆದರೆ ೧೯೭೧ರಲ್ಲಿ ರಾಜಧನ ರದ್ದಾಗುವ ಎಷ್ಟೋ ಮೊದಲೇ ಆ ಆಶ್ರಯದ ಬೇರು ಸಡಿಲಿತ್ತು. ಅನ್ನ ಕೊಡದ ವಿದ್ಯೆಯನ್ನು ಮಗನಿಗೆ ಕಲಿಸಲು ಯಾವ ತಂದೆ ಮನಸ್ಸು ಮಾಡಿಯಾನು?

ಅಂಗಸಾಧನೆಯನ್ನು ಗೌರವದ ಜೀವನೋಪಾಯವಾಗಿ ಮಾಡಿ ತೋರಿಸಿದ ಕನ್ನಡಿಗರು ಕೋಲಾರದ ಕೆ. ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಅವರನ್ನು ಬಲ್ಲವರು ಬಹಳ. ವಿಷ್ಣುವರ್ಧನನ ರಾಣಿಯನ್ನು ಕುರಿತು ಕಾದಂಬರಿ ಬರೆದ ಆ ಕೈ ಪ್ರತಿದಿನ ಕಬ್ಬಿಣದ ಗುಂಡುಗಳನ್ನು ಎತ್ತುತ್ತಿದ್ದ ಕೈಯೆಂಬುದು ಎಲ್ಲರಿಗೂ ತಿಳಿದಿರಲಾರದು. ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. ೧೯೩೦ರಲ್ಲಿ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಪ್ರಕಟಿಸಿದರು. ಯೂರೋಪಿನಲ್ಲಿ ಸ್ಯಾಂಡೋ ಮುಂತಾದವರು ಪ್ರಸಿದ್ಧಿಗೆ ತಂದಿದ್ದ ಭಾರಸಾಧನೆಗೆ ನಮ್ಮ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಸೇರಿಸಿ ತಮ್ಮದೇ ಕ್ರಮವೊಂದನ್ನು ಕಟ್ಟಿದರು. ಗರಡಿಗೆ ಬರಲಾಗದ ದೂರದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸಿದರು. ಹಣ ಪಡೆದರು, ಪಡೆದ ಹಣಕ್ಕೆ ತಕ್ಕ ವಿದ್ಯೆಯನ್ನೂ ಕೊಟ್ಟರು. ಅಂಚೆಯಲ್ಲಿ ವ್ಯಾಯಾಮ ಕಲಿಸಬೇಕಾದರೆ ಒಂದೊಂದು ಚಲನೆಯನ್ನೂ ಮಾತಿನಲ್ಲಿ ತಪ್ಪಿಲ್ಲದೆ ವರ್ಣಿಸಬೇಕಷ್ಟೆ; ಅವರ ಗದ್ಯದ ಬಿಗಿಗೆ ಈ ಅಭ್ಯಾಸವೂ ಕಾರಣವಿರಬಹುದೆಂದು ನನ್ನ ಊಹೆ. ಕೈಲಾಸಂ ಅವರ ಆಪ್ತಮಿತ್ರರಾಗಿದ್ದರು. ವ್ಯಾಯಾಮಶಾಲೆಯ ಸುತ್ತ ‘ರವಿ ಕಲಾವಿದರು’ ಎಂಬ ನಾಟಕ ತಂಡವೂ ಬೆಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅಯ್ಯರನ್ನು ಮನ್ನಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದ ಕಾಲದಲ್ಲಿಯೇ ಅಯ್ಯರ ಶಿಷ್ಯರ ಅಂಗಸಾಧನೆಯ ತರಗತಿಯೂ ಅಲ್ಲಿ ನಡೆಯುತ್ತಿತ್ತು.

ಇನ್ನು ವಿದ್ಯೆಯ ತಿರುಳಿಗೆ ಬರೋಣ. ಅದು ಒಂದೇ ಮಾತು: ಭಾರವನ್ನು ಅಳೆದು, ಕ್ರಮವಾಗಿ ಏರಿಸಬೇಕು. ಅಮೆರಿಕದ ಸೈನ್ಯದ ವೈದ್ಯ ಡಿಲಾರ್ಮ್ ಎಂಬುವರು ಎರಡನೆಯ ಮಹಾಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿದ್ದ ಯೋಧರಿಗೆ ಚಿಕಿತ್ಸೆ ಕೊಡುತ್ತ ಇದನ್ನು ಲೆಕ್ಕಕ್ಕಿಳಿಸಿದರು, ೧೯೪೫ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಕೀಲುಜ್ವರದಿಂದ ನರಳಿ, ಭಾರವೆತ್ತಿಯೇ ಚೇತರಿಸಿಕೊಂಡವರು ಅವರು. ಅವರು ಮುಂದೆ ಸರಳಗೊಳಿಸಿದ ಕ್ರಮ ಇಷ್ಟು: ಒಬ್ಬನು ಸರಿಯಾಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯದು ಆಗದು ಎನ್ನುವ ತೂಕವನ್ನು ಮೊದಲು ಕಂಡುಹಿಡಿಯಬೇಕು. ಅದು ೨೦ ಕಿಲೋ ಎನ್ನೋಣ. ಅರ್ಧ ತೂಕದಿಂದ, ಎಂದರೆ ೧೦ ಕಿಲೋದಿಂದ ಹತ್ತು ಸಲ. ಮುಕ್ಕಾಲು ತೂಕದಿಂದ, ಎಂದರೆ ೧೫ ಕಿಲೋದಿಂದ ಹತ್ತು ಸಲ. ಕಡೆಗೆ ಪೂರ್ಣ ೨೦ ಕಿಲೋದಿಂದ ಹತ್ತು ಸಲ. ವಾರಕ್ಕೊಮ್ಮೆ ಆ ತೂಕವನ್ನು ಮತ್ತೆ ಪರೀಕ್ಷಿಸಿ, ಶಕ್ತಿ ಏರಿದಷ್ಟೇ ಭಾರ ಏರಿಸಬೇಕು.

ಮೊದಲ ಕೆಲವು ವಾರಗಳಲ್ಲಿ ತೋಳಿನ ಸುತ್ತಳತೆ ಅಷ್ಟಾಗಿ ಹೆಚ್ಚದಿದ್ದರೂ ಎತ್ತುವ ಶಕ್ತಿ ಹೆಚ್ಚುತ್ತದೆ. ಇದು ಮಾಯೆಯಲ್ಲ. ಇರುವ ಸ್ನಾಯುವನ್ನೇ ಹೆಚ್ಚಾಗಿ ದುಡಿಸಿಕೊಳ್ಳಲು ನರಮಂಡಲ ಮೊದಲು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ಇದನ್ನರಿಯದ ಹುಡುಗ ಕನ್ನಡಿ ನೋಡಿ ನೋಡಿ ಬೇಸತ್ತು, ಒಂದೇ ತಿಂಗಳಲ್ಲಿ ಮೈ ಉಬ್ಬಿಸುವ ಔಷಧಿಗೆ ಕೈ ಚಾಚುತ್ತಾನೆ. ಗುರುವಿನ ಯೋಗ್ಯತೆ ತಿಳಿಯುವುದು ಇಲ್ಲಿಯೇ. ಬಲವರ್ಧನೆಗೆಂದು ಚುಚ್ಚುವ ಸ್ಟೆರಾಯ್ಡುಗಳು ಹೃದಯಕ್ಕೂ ಯಕೃತ್ತಿಗೂ ಕೇಡು ಮಾಡುತ್ತವೆ. ಗಂಡಸಿನ ವೃಷಣದ ಕೆಲಸವನ್ನೇ ಕುಗ್ಗಿಸುತ್ತವೆ. ಸ್ಪರ್ಧಾಳುವಾದರೆ ೨೦೨೨ರ ಉದ್ದೀಪನ ಮದ್ದು ತಡೆ ಕಾಯಿದೆಯ ಕಾಟವೂ ಉಂಟು. ಇಂಥದನ್ನು ಮಾರುವ ತರಬೇತುದಾರ ಗುರುವಲ್ಲ, ಬರಿಯ ವ್ಯಾಪಾರಿ; ಅದೂ ಕೆಟ್ಟ ವ್ಯಾಪಾರಿ.

ಡಬ್ಬಿಯ ಪುಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ವಿಷವಲ್ಲ, ಅಮೃತವೂ ಅಲ್ಲ. ಸಾಮಾನ್ಯ ಮನುಷ್ಯನಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ ಸುಮಾರು ೦.೮ ಗ್ರಾಂ ಪ್ರೋಟೀನು ಬೇಕು. ಕಠಿಣ ಸಾಧನೆಯವನಿಗೆ ೧.೬ ಗ್ರಾಂ ಸುಮಾರಾಗಿ ಸಾಕು. ೬೦ ಕಿಲೋ ತೂಗುವ ಹುಡುಗನಿಗೆ ೯೬ ಗ್ರಾಂ. ನೂರು ಗ್ರಾಂ ಹುರುಳಿಯಲ್ಲಿಯೇ ಇಪ್ಪತ್ತಕ್ಕೆ ಮೇಲ್ಪಟ್ಟು ಇದೆ. ಅರ್ಧ ಲೀಟರು ಹಾಲಿನಲ್ಲಿ ಹದಿನಾರು, ಒಂದು ಮೊಟ್ಟೆಯಲ್ಲಿ ಆರು. ಮುದ್ದೆ, ಹುರುಳಿ ಸಾರು, ಕಡಲೆಕಾಯಿ, ಮೊಸರು ಹೊಟ್ಟೆ ತುಂಬ ಸಿಗುವ ಮನೆಯಲ್ಲಿ ಪುಡಿಗಾಗಿ ಸಾಲ ಮಾಡಬೇಕಿಲ್ಲ. ಮಾಂಸ ತಿನ್ನುವವರಿಗೆ ಲೆಕ್ಕ ಇನ್ನೂ ಸುಲಭ.

ಈಗ ತಂದೆತಾಯಿಗಳ ಪ್ರಶ್ನೆ. ಪದವಿ ಮುಗಿಸಿ ಬಿ.ಪಿ.ಎಡ್. ಮಾಡಿದವನಿಗೆ ಶಾಲೆಯ ದೈಹಿಕ ಶಿಕ್ಷಕನಾಗುವ ದಾರಿಯಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ದೈಹಿಕ ಶಿಕ್ಷಣ ವಿಭಾಗವಿದೆ. ಕ್ರೀಡೆಯಲ್ಲಿ ಸಾಧನೆ ಮಾಡಿದವನು ೧೯೬೧ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದು ತರಬೇತುದಾರನಾಗಬಹುದು. ಖಾಸಗಿ ಜಿಮ್ಮಿನ ಕೆಲಸಕ್ಕೆ ಚಿಕ್ಕ ಅವಧಿಯ ಪ್ರಮಾಣಪತ್ರಗಳೂ ಉಂಟು. ಎರಡು ದಿನಗಳಲ್ಲಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ, ದೇಹರಚನೆಯ ಪಾಠವಿದೆಯೇ, ಪ್ರಥಮ ಚಿಕಿತ್ಸೆ ಕಲಿಸುತ್ತಾರೆಯೇ, ನಿಜವಾದ ಶಿಷ್ಯರ ಮೇಲೆ ಅಭ್ಯಾಸ ಮಾಡಿಸುತ್ತಾರೆಯೇ ಎಂದು ವಿಚಾರಿಸಿ. ಕೆಲಸದ ಹೊತ್ತೂ ವಿಚಿತ್ರ: ಬೆಳಗಿನ ಜಾವ ಮತ್ತು ಸಂಜೆ ಬಿಡುವಿಲ್ಲದ ದುಡಿಮೆ, ನಡುಹಗಲು ಬರಿಗೈ. ಹಳೆಯ ಉಸ್ತಾದರಂತೆ ಹಗಲಿಗೊಂದು ಬೇರೆ ಕಸುಬು ಇಟ್ಟುಕೊಳ್ಳುವುದು ಇಂದಿಗೂ ಜಾಣತನವೇ.

ತಿ. ನರಸೀಪುರ, ನಂಜನಗೂಡುಗಳಂಥ ಊರುಗಳಲ್ಲಿ ಹರೆಯದ ಹುಡುಗರನ್ನೇ ನಂಬಿದರೆ ಗಿರಾಕಿಗಳು ಬೇಗ ಮುಗಿಯುತ್ತಾರೆ. ಯಾರೂ ಗಮನಿಸದ ಶಿಷ್ಯರು ಮನೆಮನೆಯಲ್ಲಿದ್ದಾರೆ. ನೆಲದಿಂದ ಏಳಲು ಗೋಡೆ ಹಿಡಿಯುವ ಅಜ್ಜಿ, ಸಕ್ಕರೆ ಕಾಯಿಲೆಯ ಗುಮಾಸ್ತರು, ಹೆರಿಗೆಯಾದ ಮೇಲೆ ಸೊಂಟನೋವೆನ್ನುವ ಸೊಸೆ. ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದೂ, ೬೫ ದಾಟಿದವರು ಬೀಳದಂತೆ ಸಮತೋಲದ ಅಭ್ಯಾಸವನ್ನೂ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ವೈದ್ಯರ ಮಾತು ಕೇಳಿಕೊಂಡು ಇಂಥವರಿಗೆ ಕುರ್ಚಿಯಿಂದ ಎದ್ದು ಕೂರುವುದನ್ನು ಕಲಿಸಬಲ್ಲ ತರುಣನಿಗೆ ಊರಿನಲ್ಲಿಯೇ ಕೆಲಸ ಹುಟ್ಟೀತು. ತರುಣಿಗಂತೂ ಇನ್ನೂ ಹೆಚ್ಚು. ನಮ್ಮ ಹೆಂಗಸರು ಹೆಂಗಸಿನ ಬಳಿಯೇ ನಿಸ್ಸಂಕೋಚವಾಗಿ ಕಲಿಯುತ್ತಾರೆ.

ಮನೆಯಲ್ಲಿ ಇಂದೇ ಆರಂಭಿಸುವ ಮನಸ್ಸಿದ್ದರೆ ಸೋಮೇಶ್ವರನ ಸಲಕರಣೆಯೇ ಸಾಕು. ಗಟ್ಟಿ ಬಟ್ಟೆಯ ಚೀಲಕ್ಕೆ ಐದು ಕಿಲೋ ಮರಳು ತುಂಬಿ ಬಾಯಿ ಹೊಲಿಯಿರಿ. ತಲಕಾಡಿನ ದಿಬ್ಬಕ್ಕೆ ಕೈ ಹಾಕಬೇಡಿ. ಮನೆ ಕಟ್ಟಿಸುತ್ತಿರುವ ನೆರೆಯವರನ್ನು ಕೇಳಿದರೆ ಅಷ್ಟು ಕೊಟ್ಟಾರು. ಬೆನ್ನು ಬಾಗಿಸದೆ, ಮೊಣಕಾಲು ಮಡಿಸಿ, ಎದೆಗವಚಿಕೊಂಡು ಹತ್ತು ಸಲ ಎದ್ದು ಕೂರಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಹದಿನೈದು ಸಲ ಹಗುರಾಗಿ ಬಂದ ಮೇಲೆ ಒಂದು ಕಿಲೋ ಸೇರಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ಮರಳು ತೇವ ಹೀರಿ ತೂಕ ಹೆಚ್ಚುವುದರಿಂದ, ಎತ್ತುವ ಮುನ್ನ ಚೀಲವನ್ನು ಮತ್ತೊಮ್ಮೆ ತಕ್ಕಡಿಗಿಡಿ.