ಹಿಟ್ಟುತಿಗಣೆಯಲ್ಲಿ ಸಿಕ್ಕ ಅಪ್ಪನ ಮುದ್ರೆ

ಕಾಫಿ ಬೆಳೆಗಾರರಿಗೆ ಹಿಟ್ಟುತಿಗಣೆ ಎಂದರೆ ಮೈ ಉರಿಯುತ್ತದೆ. ಅದನ್ನು ಅಕ್ಕರೆಯಿಂದ ಸಾಕಿದವರು ತಳಿವಿಜ್ಞಾನಿಗಳು. ಹೆಣ್ಣುತಿಗಣೆಯ ಜೀವಕೋಶದಲ್ಲಿ ಹತ್ತು ವರ್ಣತಂತುಗಳೂ ಸಡಿಲವಾಗಿ ಹರಡಿಕೊಂಡಿರುತ್ತವೆ. ಗಂಡಿನಲ್ಲಿ ಐದು ಮಾತ್ರ ಹಾಗೆ. ಉಳಿದೈದು ಮುದುಡಿ, ಸೂಕ್ಷ್ಮದರ್ಶಕದಡಿ ಕಪ್ಪು ಉಂಡೆಯಾಗಿ ಕಾಣುತ್ತವೆ.

ಆ ಐದು ಯಾರಿಂದ ಬಂದವು? ಬರ್ಕ್ಲಿಯ ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ ಗಂಡು ತಿಗಣೆಗಳಿಗೆ ಎಕ್ಸ್-ರೇ ಹಾಯಿಸಿ ಮರಿ ಮಾಡಿಸಿದರು. ವಿಕಿರಣ ಹೆಚ್ಚಿಸಿದಾಗ ಹೆಣ್ಣುಮರಿಗಳು ಸತ್ತವು, ಗಂಡುಮರಿಗಳು ಬದುಕಿದವು. ಅಪ್ಪನ ವರ್ಣತಂತು ಚೂರಾದರೂ ಮಗನಿಗೆ ನಷ್ಟವಿಲ್ಲ. ಅಪ್ಪನಿಂದ ಬಂದದ್ದೆಂಬ ಮುದ್ರೆ ಬಿದ್ದ ಅವು ಅವನಲ್ಲಿ ಹೇಗೂ ಕೆಲಸ ನಿಲ್ಲಿಸಿರುತ್ತವೆ. ಇದು ಪ್ರಕಟವಾದದ್ದು 1961ರಲ್ಲಿ. ಈ ಮುದ್ರೆಯ ಇಡೀ ಕತೆಯಲ್ಲಿ ನನಗೆ ಇದಕ್ಕಿಂತ ಸೊಗಸಾದ ಪ್ರಯೋಗ ಕಾಣುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್‌ಚಂದ್ರ 1975ರಲ್ಲಿ ಬ್ರೌನ್ ಜೊತೆಗೂಡಿ ‘ನೇಚರ್’ನಲ್ಲಿ ಬರೆದರು: ಸಸ್ತನಿಗಳ ಎಕ್ಸ್ ವರ್ಣತಂತುವಿನ ಮೇಲೂ ಇಂಥ ಮುದ್ರೆ ಬೀಳುತ್ತಿರಬಹುದು. ಇಲಿಯ ಭ್ರೂಣ ಬೆಳೆಯಲು ಅಪ್ಪನ ಪಾಲು, ಅಮ್ಮನ ಪಾಲು ಎರಡೂ ಬೇಕೆಂದು ಸುರಾನಿ, ಸೋಲ್ಟರ್ ತಂಡಗಳು ತೋರಿಸಿದ್ದು 1984ರಲ್ಲಿ. ಅಲ್ಲಿಂದಲೇ ಕತೆ ಶುರುಮಾಡಿದರೆ ತಿಗಣೆಗೆ ಅನ್ಯಾಯ.

ಮನುಷ್ಯರಲ್ಲಿ 15ನೇ ವರ್ಣತಂತುವಿನ ಒಂದು ತುಂಡು ಅಪ್ಪನ ಕಡೆಯಿಂದ ಬರದಿದ್ದರೆ ಹಸಿವೇ ಇಂಗದ ಪ್ರಾಡರ್-ವಿಲ್ಲಿ ಕಾಯಿಲೆ. ಅದೇ ತುಂಡು ಅಮ್ಮನ ಕಡೆಯಿಂದ ಬರದಿದ್ದರೆ ಮಾತು ಬಾರದ, ಫಿಟ್ಸ್ ಕಾಡುವ ಏಂಜಲ್‌ಮನ್. ನರಕೋಶದಲ್ಲಿ ಆ ತುಂಡಿನಲ್ಲಿರುವ ಯುಬಿಇ3ಎ ಜೀನಿನ ಅಮ್ಮನ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಇದನ್ನು ಕಾಣಲು ಬದುಕಿರುವ ಮಗುವಿನ ಮಿದುಳನ್ನು ಕೊಯ್ದು ನೋಡಲಾದೀತೇ? 2010ರಲ್ಲಿ ಅಮೆರಿಕದ ಸ್ಟಾರ್ಮಿ ಚೇಂಬರ್ಲೇನ್ ತಂಡ ರೋಗಿಗಳ ಚರ್ಮದ ಕೋಶಗಳನ್ನು ಕಾಂಡಕೋಶಗಳನ್ನಾಗಿಸಿ, ಅವುಗಳಿಂದ ನರಕೋಶ ಬೆಳೆಸಿತು. ಅಪ್ಪನ ಪ್ರತಿ ಸುಮ್ಮನಾಗುವುದು ಪ್ರಯೋಗಾಲಯದ ತಟ್ಟೆಯಲ್ಲೇ ಕಂಡಿತು. 2020ರಲ್ಲಿ ಇನ್ನೊಂದು ತಂಡ ಜೀನ್ ಕತ್ತರಿ ಕ್ರಿಸ್ಪರ್ ಬಳಸಿ ಇಲಿಯ ಮಿದುಳಿನಲ್ಲಿ ಆ ಪ್ರತಿಯನ್ನು ಎಬ್ಬಿಸಿತು.

ಶರತ್‌ಚಂದ್ರ ಮತ್ತು ವಿಜ್ಞಾನಿ ವಾಣಿ ಬ್ರಹ್ಮಚಾರಿ ಅವರೊಂದಿಗೆ ತಿಗಣೆಯ ಮೇಲೆ ಕೆಲಸ ಮಾಡಿದ್ದ ಸಂಜೀವ್ ಖೋಸ್ಲಾ ಮುಂದೆ ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಡಿಎಫ್‌ಡಿ ಸೇರಿದರು. ಸಸ್ತನಿಗಳ ಅಂಡಾಣುವಿನಲ್ಲಿ ಮುದ್ರೆ ಬೀಳಲು ಡಿಎನ್‌ಎಂಟಿ3ಎಲ್ ಎಂಬ ಪ್ರೋಟೀನ್ ಬೇಕು. ಅದೇ ಊರಿನ ಸಿಸಿಎಂಬಿ ಸಂಸ್ಥೆಯ ರಾಕೇಶ್ ಮಿಶ್ರಾ ಜೊತೆ ಖೋಸ್ಲಾ ಆ ಪ್ರೋಟೀನಿನ ಜೀನನ್ನು, ಅದಿಲ್ಲದ ಹಣ್ಣುನೊಣಕ್ಕೆ ಸೇರಿಸಿದರು. ಅದರಿಂದ ಜೀನುಗಳ ಚಟುವಟಿಕೆಯಲ್ಲಾದ ಬದಲಾವಣೆ ತಲೆಮಾರಿನಿಂದ ತಲೆಮಾರಿಗೆ ಇಳಿಯಿತು ಎಂದು 2016ರಲ್ಲಿ ವರದಿ ಮಾಡಿದರು.

ಮುದ್ರೆಯನ್ನು ಈಗ ರಕ್ತದಲ್ಲೇ ಓದಬಹುದು. ಮಾತು ಬಾರದೆ ಫಿಟ್ಸ್ ಕಾಡುವ ಮಗು ನಿಮ್ಮ ಮನೆಯಲ್ಲಿದ್ದರೆ, ಈ ಮುದ್ರೆ ಓದುವ ಮಿಥೈಲೇಶನ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.