ಡಿಗ್ರಿ ಇಲ್ಲದೆ ಕೋಡಿಂಗ್ ಕಲಿತವರು ‘ಇಂಜಿನಿಯರ್’ ಅಂತ ಹಾಕಿಕೊಳ್ಳಬಹುದಾ? ಕಾನೂನು ಹೇಳೋದೇನು?

ಸಕ್ರೆಬೈಲು: ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕೋಡಿಂಗ್ ಕಲಿತ ಹುಡುಗ, ಹುಡುಗಿಯರು ಈಗ ಹಳ್ಳಿಗಳಲ್ಲೂ ಇದ್ದಾರೆ. ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್, ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಡ್ತಾರೆ. ಆದರೆ ವಿಸಿಟಿಂಗ್ ಕಾರ್ಡ್ ಮೇಲೆ ‘ಸಾಫ್ಟ್‌ವೇರ್ ಇಂಜಿನಿಯರ್’ ಅಂತ ಹಾಕಿಸಿದರೆ, ‘ಬಿ.ಇ. ಎಲ್ಲಿ ಮಾಡಿದ್ದು?’ ಅನ್ನೋ ಪ್ರಶ್ನೆ ಬರುತ್ತೆ. ಹಾಗೆ ಹಾಕಿಕೊಳ್ಳೋದು ತಪ್ಪಾ?

ಕಾನೂನಿನಲ್ಲಿ ಏನಿದೆ?

ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ 1 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಆರ್ಕಿಟೆಕ್ಟ್’ ಅನ್ನೋ ಹೆಸರನ್ನು 1972ರ ಕಾಯ್ದೆ ಪ್ರಕಾರ ನೋಂದಣಿ ಆದವರಷ್ಟೇ ಬಳಸಬೇಕು. ‘ಇಂಜಿನಿಯರ್’ ಪದಕ್ಕೆ ಮಾತ್ರ ನಮ್ಮ ದೇಶದಲ್ಲಿ ಅಂಥ ಕೇಂದ್ರ ಕಾಯ್ದೆ ಇಲ್ಲ. ಹಾಗಾಗಿ ಆ ಪದ ಹಾಕಿಕೊಂಡಿದ್ದಕ್ಕೇ ಕೇಸ್ ಆಗಲ್ಲ.

ಹಾಗಂತ ಇಲ್ಲದ ‘ಬಿ.ಇ.’, ‘ಬಿ.ಟೆಕ್’ ಹೆಸರಿನ ಮುಂದೆ ಹಾಕಿ ಕೆಲಸ, ಹಣ ಪಡೆದರೆ ಅದು ವಂಚನೆ. ಕಟ್ಟಡದ ಪ್ಲಾನ್‌ಗೂ ಲೈಸೆನ್ಸ್ ಇರುವವರ ಸಹಿಯೇ ಬೇಕು.

ಬೇರೆ ದೇಶದಲ್ಲಿ?

ಕೆನಡಾದಲ್ಲಿ ಈ ಹೆಸರಿಗೆ ಲೈಸೆನ್ಸ್ ಬೇಕು. ಆದರೆ ಅಲ್ಲಿನ ಆಲ್ಬರ್ಟಾ ಪ್ರಾಂತ್ಯ 2023ರಲ್ಲಿ ಕಾನೂನು ತಿದ್ದಿ, ‘ಸಾಫ್ಟ್‌ವೇರ್ ಇಂಜಿನಿಯರ್’ ಅನ್ನೋದಕ್ಕೆ ವಿನಾಯಿತಿ ಕೊಟ್ಟಿತು.

ಹೆಸರಿಗೆ ಇಷ್ಟು ತೂಕ ಯಾಕೆ?

ನಮ್ಮ ಜಿಲ್ಲೆಯಲ್ಲಿ ಇಂಜಿನಿಯರ್ ಅಂದರೆ ಮೊದಲು ನೆನಪಾಗೋದು ಭದ್ರಾವತಿ ಕಬ್ಬಿಣದ ಕಾರ್ಖಾನೆ, ಸರ್ ಎಂ. ವಿಶ್ವೇಶ್ವರಯ್ಯ. ಆ ಪದದ ಹಿಂದೆ ಹೊಣೆ ಇದೆ.

ಇಲ್ಲಿನ ಆನೆ ಬಿಡಾರವನ್ನೇ ನೋಡಿ. ಮಾವುತರು, ಕಾವಾಡಿಗಳು ಕಾಲೇಜಿನಲ್ಲಿ ಕಲಿತವರಲ್ಲ, ಹಿರಿಯರ ಜೊತೆ ಆನೆ ಪಕ್ಕ ನಿಂತು ಕಲಿತವರು. ಆನೆ ಮಾತು ಕೇಳೋದು ಅವರದ್ದೇ. ಆದರೂ ಚಿಕಿತ್ಸೆಗೆ ಪಶುವೈದ್ಯರೇ ಬರಬೇಕು. ಇಬ್ಬರೂ ಬೇಕು, ಒಬ್ಬರ ಹೆಸರು ಇನ್ನೊಬ್ಬರಿಗೆ ಬೇಕಿಲ್ಲ.

ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಅನ್ನಿಸೋದು ಇಷ್ಟೇ: ‘ಪ್ರೋಗ್ರಾಮರ್’, ‘ಡೆವಲಪರ್’ ಅಂತ ಹಾಕಿಕೊಂಡರೆ ಯಾರೂ ಸರ್ಟಿಫಿಕೇಟ್ ಕೇಳಲ್ಲ, ಕೆಲಸ ನೋಡ್ತಾರೆ. ಅದೇನು ಕಡಿಮೆ ಹೆಸರಲ್ಲ.

ಅಂಗಡಿಯವರು ಏನು ಕೇಳಬೇಕು?

- ಇದೇ ಥರ ಸಾಫ್ಟ್‌ವೇರ್ ಬೇರೆ ಎಲ್ಲಿ ಹಾಕಿದ್ದೀರಿ? ಹೋಗಿ ನೋಡಿ.
- ಲೆಕ್ಕದ ಬ್ಯಾಕಪ್ ಎಲ್ಲಿರುತ್ತೆ? ಪಾಸ್‌ವರ್ಡ್ ಯಾರ ಹತ್ತಿರ?
- ಜಿಎಸ್‌ಟಿ ದರ ಬದಲಾದರೆ ಸರಿ ಮಾಡಿಕೊಡೋದು ಯಾರು, ಎಷ್ಟಕ್ಕೆ?

ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಿ.ಇ. ಆದವರ ಹತ್ತಿರವೂ ಇದನ್ನೇ ಕೇಳಿ.