ಕೃಷಿ ತ್ಯಾಜ್ಯದಿಂದ ಇಂಧನಾನಿಲ: ಲೆಕ್ಕ ಯಾರಿಗೆ ಹೊಂದುತ್ತದೆ?

ಗಾವಡಗೆರೆ ಹೋಬಳಿಯೂ ಸೇರಿದಂತೆ ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ವರ್ಜಿನಿಯಾ ತಂಬಾಕನ್ನು ಹದಗೊಳಿಸಲು ಬ್ಯಾರನ್‌ಗಳಲ್ಲಿ ಅಪಾರ ಸೌದೆ ಉರಿಯುತ್ತದೆ. ಇದೇ ಸೀಮೆಯಲ್ಲಿ ಮುಸುಕಿನ ಜೋಳದ ದಿಂಡು ಮತ್ತು ತೆಂಗಿನ ಕರಟ, ಕೃಷ್ಣರಾಜನಗರದ ಗಿರಣಿಗಳಲ್ಲಿ ಭತ್ತದ ಹೊಟ್ಟು, ನೆರೆಯ ಕೊಡಗಿನಲ್ಲಿ ಕಾಫಿ ಹೊಟ್ಟು ದೊರೆಯುತ್ತವೆ. ಇವುಗಳನ್ನು ಅನಿಲವಾಗಿ ಪರಿವರ್ತಿಸುವ ಗ್ಯಾಸಿಫೈಯರ್‌ನಲ್ಲಿ ಬಂಡವಾಳ ಹೂಡುವ ಮುನ್ನ ಕೆಲವು ಲೆಕ್ಕಗಳನ್ನು ಪರಿಶೀಲಿಸುವುದು ಅವಶ್ಯಕ.

ಪೂರ್ಣ ದಹನಕ್ಕೆ ಸಾಲದಷ್ಟು ಗಾಳಿಯಲ್ಲಿ ಜೀವರಾಶಿಯನ್ನು ಕಾಯಿಸಿದಾಗ ಇಂಗಾಲದ ಮಾನಾಕ್ಸೈಡ್, ಜಲಜನಕ ಮತ್ತು ಅಲ್ಪ ಮೀಥೇನ್ ಇರುವ ಅನಿಲ ಹೊರಬರುತ್ತದೆ. ಒಂದು ಕಿಲೋ ಒಣ ಇಂಧನದಿಂದ ಸುಮಾರು 2.5 ಘನ ಮೀಟರ್ ಅನಿಲ ಲಭ್ಯ. ಅದರಲ್ಲಿ ಅರ್ಧದಷ್ಟು ಸಾರಜನಕವೇ ಇರುವುದರಿಂದ ಸಿಲಿಂಡರಿನಲ್ಲಿ ತುಂಬಿ ಮಾರುವಂತಿಲ್ಲ, ತಯಾರಾದಲ್ಲೇ ಬಳಸಬೇಕು.

ಈ ತಂತ್ರಜ್ಞಾನ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಶ್ರಮದಿಂದ, ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ 1988ರಲ್ಲಿ ಸೌದೆಯ ಅನಿಲದಿಂದ ವಿದ್ಯುತ್ ದೊರೆಯಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಿಂದಲೇ ನಡೆದವು. ಅನಂತರ ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ ದೊಡ್ಡ ಸ್ಥಾವರ ಸ್ಥಾಪಿಸಿ ವಿದ್ಯುತ್ತನ್ನು ಜಾಲಕ್ಕೆ ಮಾರಲಾಯಿತು. ಯಂತ್ರ ನಡೆಯಿತು; ಆದರೆ ದೊರೆತ ದರಕ್ಕಿಂತ ತಯಾರಿಕಾ ವೆಚ್ಚ ಹೆಚ್ಚಾಗಿತ್ತು. ಆದುದರಿಂದ ಸಣ್ಣ ಉದ್ಯಮಿಯು ವಿದ್ಯುತ್ ಮಾರಾಟದ ಆಸೆಯನ್ನು ಬದಿಗಿಟ್ಟು, ತನ್ನ ಕಾರ್ಖಾನೆಯ ಶಾಖದ ಅಗತ್ಯವನ್ನಷ್ಟೇ ಗಮನಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಶಾಖಕ್ಕಾಗಿ ಉರಿಸುವ ಒಂದು ಲೀಟರ್ ಡೀಸೆಲ್‌ಗೆ ಬದಲಾಗಿ ಸುಮಾರು 4 ಕಿಲೋ ಒಣ ಇಂಧನ ಬೇಕು. ದಿನಕ್ಕೆ 40 ಲೀಟರ್ ಬಳಸುವ ಘಟಕಕ್ಕೆ 160 ಕಿಲೋ. ಇದರ ಬೆಲೆಗೆ ಕತ್ತರಿಸುವ, ಒಣಗಿಸುವ ಕೂಲಿ, ಬ್ಲೋಯರ್‌ನ ವಿದ್ಯುತ್ ಮತ್ತು ಸಾಲದ ಬಡ್ಡಿಯನ್ನು ಕೂಡಿಸಿ ಡೀಸೆಲ್ ವೆಚ್ಚದೊಡನೆ ಹೋಲಿಸಬೇಕು. ಡೀಸೆಲ್ ಅಥವಾ ಅಡುಗೆ ಅನಿಲ ಉರಿಸುವವರಿಗೆ ಸಾಮಾನ್ಯವಾಗಿ ಲಾಭ ಕಾಣುತ್ತದೆ. ಈಗಾಗಲೇ ಸೌದೆ ಉರಿಸುತ್ತಿರುವ ಬ್ಯಾರನ್ ಮಾಲೀಕರಿಗೆ ಉಳಿಯುವುದು ಸೌದೆಯ ಒಂದು ಭಾಗ ಮಾತ್ರ; ಅದೂ ವರ್ಷದ ಕೆಲವೇ ತಿಂಗಳು. ಉಳಿದ ತಿಂಗಳು ಯಂತ್ರ ಸುಮ್ಮನಿದ್ದರೂ ಬಡ್ಡಿ ಸುಮ್ಮನಿರದು.

ತೆರಿಗೆಯ ವಿಷಯದಲ್ಲಿಯೂ ಭ್ರಮೆ ಬೇಡ. ಕೃಷಿ ತ್ಯಾಜ್ಯದಿಂದ ಇಂಧನ ತಯಾರಿಸುವ ಸಾಧನಗಳಿಗೆ ಹಿಂದೆ ಶೇ 80ರಷ್ಟಿದ್ದ ಸವಕಳಿಯು 2017ರ ಏಪ್ರಿಲ್‌ನಿಂದ ಶೇ 40ಕ್ಕೆ ಇಳಿಯಿತು. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿ ಇಲ್ಲ. ಕೃಷಿ ಆದಾಯವಷ್ಟೇ ಇರುವ ಬೆಳೆಗಾರನಿಗೆ ಈ ಸೌಲಭ್ಯದಿಂದ ಪ್ರಯೋಜನವೇ ಇಲ್ಲ.

ಇಂಧನದ ಆಯ್ಕೆಯೂ ಮುಖ್ಯ. ಕರಟ ಮತ್ತು ದಿಂಡು ಉತ್ತಮ. ಭತ್ತದ ಹೊಟ್ಟಿನಲ್ಲಿ ಸುಮಾರು ಐದನೆಯ ಒಂದು ಭಾಗ ಬೂದಿ. ಅದಕ್ಕೆ ತಕ್ಕ ಬೇರೆ ವಿನ್ಯಾಸ ಬೇಕು. ಕಾಫಿ ಹೊಟ್ಟು ಹಗುರವಾದುದರಿಂದ ಅದನ್ನು ಒತ್ತಿ ಇಟ್ಟಿಗೆ ಮಾಡಿಕೊಳ್ಳಬೇಕಾದೀತು. ಅನಿಲದ ಮಾನಾಕ್ಸೈಡ್ ವಿಷಕಾರಿ, ವಾಸನೆಯೂ ಇಲ್ಲ. ಸೋರಿಕೆಯಾಗದ ಕೊಳವೆ ಮತ್ತು ಧಾರಾಳ ಗಾಳಿಯಾಡುವ ಕೊಠಡಿಯ ವೆಚ್ಚವನ್ನು ಅಂದಾಜುಪಟ್ಟಿಯಲ್ಲೇ ಸೇರಿಸತಕ್ಕದ್ದು.

ಕೊನೆಯದಾಗಿ, ಖರೀದಿಯ ಕರಾರಿನಲ್ಲಿ ತೇವಾಂಶವನ್ನು ನಮೂದಿಸದೆ ಸಹಿ ಹಾಕಬಾರದು. ಶೇ 30 ತೇವವಿರುವ ಒಂದು ಟನ್ ಮಾಲನ್ನು ಯಂತ್ರಕ್ಕೆ ಒಗ್ಗುವ ಶೇ 15ಕ್ಕೆ ಒಣಗಿಸಿದರೆ ಕೈಗೆ ಉಳಿಯುವುದು 824 ಕಿಲೋ. ಹಣ ಕೊಟ್ಟಿರುವುದು ಮಾತ್ರ 1,000 ಕಿಲೋಗೆ.